ಸಲಾಡಿನಲ್ಲಿ ಬೀಜಕ್ಕೇನು ಕೆಲಸ?

ನ್ಯೂಯಾರ್ಕಿನ ವಾಲ್ಡಾರ್ಫ್ ಹೋಟೆಲಿನ ಹೆಸರು ಹೊತ್ತ ಸಲಾಡು ಮೊದಲು ತೀರ ಸರಳವಾಗಿತ್ತು. ಅಲ್ಲಿನ ಆಸ್ಕರ್ ಚಿರ್ಕಿ 1896ರಲ್ಲಿ ಹೊರತಂದ ಅಡುಗೆ ಪುಸ್ತಕದಲ್ಲಿ ಅದಕ್ಕೆ ಬೇಕಾದದ್ದು ಸೇಬು, ಸೆಲೆರಿ, ಮೇಯನೇಸ್ ಅಷ್ಟೆ. ಅಕ್ರೋಟು ಆಮೇಲೆ ಸೇರಿತು. ಬೇಯಿಸಿದ ಕೋಳಿಮಾಂಸವೂ ಬಿದ್ದಾಗ ಅದು ಒಂದು ಹೊತ್ತಿನ ಊಟವೇ ಆಯಿತು. ತೂಕ ಇಳಿಸಲು ಹೊರಟವರು ಇಂಥ ಸಲಾಡಿನಿಂದ ಮೊದಲು ಕೈಬಿಡುವುದು ಬೀಜ, ಎಣ್ಣೆಗಳನ್ನು. ಅದು ತಪ್ಪು ಲೆಕ್ಕ. ಸೊಪ್ಪು, ಕ್ಯಾರೆಟ್, ಟೊಮೆಟೊಗಳ ಕ್ಯಾರೊಟಿನಾಯ್ಡ್‌ಗಳು ನೀರಿನಲ್ಲಿ ಕರಗುವುದಿಲ್ಲ. ಕರುಳಿನಲ್ಲಿ ಕೊಬ್ಬಿನ ಜೊತೆಗೂಡಿದರೆ ಮಾತ್ರ ಅವು ಚೆನ್ನಾಗಿ ಮೈಗೆ ಹತ್ತುತ್ತವೆ. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ಬಗೆಯ ಸಲಾಡಿಗೆ 0, 6, 28 ಗ್ರಾಂ ಎಣ್ಣೆ ಬೆರೆಸಿ ಕೊಟ್ಟರು. ಎಣ್ಣೆಯಿಲ್ಲದ್ದನ್ನು ತಿಂದಾಗ ರಕ್ತಕ್ಕೆ ಸೇರಿದ ಕ್ಯಾರೊಟಿನಾಯ್ಡ್ ಹೆಚ್ಚೂಕಡಿಮೆ ಸೊನ್ನೆ. ತಿಂದವರು ಏಳೇ ಮಂದಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಪರ್ಡ್ಯೂ ವಿಶ್ವವಿದ್ಯಾಲಯದವರು 29 ಮಂದಿಗೆ ಸಲಾಡು ತಿನ್ನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೂ ಕೊಬ್ಬಿನ ಪ್ರಮಾಣ, ಬಗೆ ಎರಡೂ ಮುಖ್ಯವೆಂದೇ ಹೇಳಿತು.

ಹಾಗಾದರೆ ಬೀಜದ ಕ್ಯಾಲರಿಯ ಗತಿ? ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2012ರಲ್ಲಿ ಅಳೆದು ನೋಡಿದಾಗ, 28 ಗ್ರಾಂ ಇಡೀ ಬಾದಾಮಿಯಿಂದ ದೇಹಕ್ಕೆ ದಕ್ಕಿದ್ದು ಸುಮಾರು 129 ಕ್ಯಾಲರಿ. ಹಳೆಯ ಲೆಕ್ಕದಲ್ಲಿ ಅದು 170ರ ಹತ್ತಿರವಿತ್ತು. ಎಷ್ಟು ಅಗಿದರೂ ಬಾದಾಮಿಯ ಕೆಲವು ಜೀವಕೋಶಗಳ ಗೋಡೆ ಒಡೆಯುವುದಿಲ್ಲ, ಒಳಗಿನ ಕೊಬ್ಬು ಹಾಗೆಯೇ ಹೊರಹೋಗುತ್ತದೆ. ಇಲ್ಲೊಂದು ತೊಡಕಿದೆ, ಅದನ್ನು ಮುಚ್ಚಿಡಬಾರದು: ಗೋಡೆಯೊಳಗೆ ಉಳಿದ ಆ ಕೊಬ್ಬು ಕ್ಯಾರೆಟ್ಟಿಗೂ ಒದಗುವುದಿಲ್ಲ. ಆದ್ದರಿಂದ ಒಂದಿಷ್ಟು ಬೀಜವನ್ನು ನುಣ್ಣಗೆ ಅರೆದು ಸಲಾಡಿಗೆ ಕಲಸಬೇಕು, ಉಳಿದದ್ದನ್ನು ಅಗಿಯಲು ಬಿಡಬೇಕು. ಅರೆದಾಗ ಕ್ಯಾಲರಿ ಏರುತ್ತದೆ, ನಿಜ. ಸೊಪ್ಪಿನ ಸತ್ವ ವ್ಯರ್ಥವಾಗುವುದಕ್ಕಿಂತ ಅದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೂ ಗಟ್ಟಿಯಾದ ಆಕ್ಷೇಪವೆಂದರೆ ಬೀಜಗಳಲ್ಲಿನ ಫೈಟೇಟ್. ಅದು ಕಬ್ಬಿಣವನ್ನು ಹಿಡಿದಿಟ್ಟು ಹೀರಿಕೆಗೆ ಅಡ್ಡಬರುತ್ತದೆ. ಮಾಂಸ, ಹಣ್ಣುಗಳು ಬೇಕಾಗುವುದು ಇಲ್ಲಿಯೇ. ಮಾಂಸ ತನ್ನ ಕಬ್ಬಿಣ ಕೊಡುವುದಲ್ಲದೆ ಜೊತೆಗಿರುವ ಸೊಪ್ಪಿನ ಕಬ್ಬಿಣ ಹೀರಿಕೊಳ್ಳಲೂ ನೆರವಾಗುತ್ತದೆ. ಹಣ್ಣಿನ ಸಿ ಜೀವಸತ್ವ ಆ ಕಬ್ಬಿಣವನ್ನು ಕರುಳು ಸುಲಭವಾಗಿ ಒಳಗೊಳ್ಳುವ ರೂಪಕ್ಕೆ ತರುತ್ತದೆ. ಈ ಕೆಲಸಕ್ಕೆ ವಾಲ್ಡಾರ್ಫಿನ ಸೇಬು ದುರ್ಬಲ: 100 ಗ್ರಾಂನಲ್ಲಿ ಸಿ ಜೀವಸತ್ವ ಸುಮಾರು 5 ಮಿಲಿಗ್ರಾಂ. ಕಿತ್ತಳೆಯಲ್ಲಿ ಅದು 50ರಷ್ಟು, ಸೀಬೆಯಲ್ಲಿ 200ರ ಆಸುಪಾಸು. ನಮ್ಮ ಮಾರುಕಟ್ಟೆಯಲ್ಲಿ ಅಗ್ಗವಾಗಿ ಸಿಗುವ ಸೀಬೆಯೇ ಕೋಳಿಮಾಂಸಕ್ಕೆ ತಕ್ಕ ಜೋಡಿ. ಸೇಬೇ ಬೇಕೆನ್ನುವವರು ಹೆಚ್ಚಿದ ಕೂಡಲೇ ನಿಂಬೆರಸ ಹಿಂಡಲಿ. ಹೋಳು ಬೇಗ ಕಂದಾಗುವುದಿಲ್ಲ, ಸಿ ಜೀವಸತ್ವವೂ ಒಂದಿಷ್ಟು ಸೇರುತ್ತದೆ.