ಆರು ಸಾವಿರಕ್ಕೆ ಎಷ್ಟು ಲೇಖನ?

ಗೆಳೆಯರು ಸೇರಿ ನಡೆಸುವ ನಮ್ಮ ಪುಟ್ಟ ವೆಬ್‌ಸೈಟಿಗೆ ತಿಂಗಳಿಗೆ 6,000 ರೂಪಾಯಿ ಬಜೆಟ್. 500ರಂತೆ ಹನ್ನೆರಡು ಲೇಖನ ಬರೆಸಬಹುದು, 3,000ದಂತೆ ಎರಡು. ನಾವು ಎರಡೇ ಬರೆಸ್ತೀವಿ. ಐನೂರಕ್ಕೆ ಯಾರೂ ಮನೆಯಿಂದ ಹೊರಗೆ ಕಾಲಿಡಲ್ಲ, ಇಡಬೇಕಾಗೂ ಇಲ್ಲ. ಶಿವಾಜಿನಗರದ ರಸೆಲ್ ಮಾರ್ಕೆಟ್ ಬಗ್ಗೆ ಕೇಳಿದರೆ, 1927ರಲ್ಲಿ ಕಟ್ಟಿದ್ದು, 2012ರಲ್ಲಿ ಬೆಂಕಿ ಬಿದ್ದಿದ್ದು, ಇಷ್ಟೇ ಬರುತ್ತೆ. ಅದು ಗೂಗಲ್‌ನಲ್ಲೇ ಸಿಗುತ್ತಲ್ಲ! ಬೆಂಕಿಯ ಮಾರನೇ ದಿನ ಅಂಗಡಿಯವರು ಎಲ್ಲಿ ಕೂತು ವ್ಯಾಪಾರ ಮಾಡಿದರು ಅನ್ನೋದು ನಮಗೆ ಬೇಕು.

ಅದಕ್ಕೇ ಬರೆಯುವವರಿಗೆ ವಿಷಯದ ಬದಲು ಪ್ರಶ್ನೆ ಕೊಡ್ತೀವಿ. ಓಡಾಟದ ಖರ್ಚು ಬೇರೆ. ಕೆ.ಆರ್. ಪುರದಿಂದ ಇಂದಿರಾನಗರಕ್ಕೆ 2023ರ ಅಕ್ಟೋಬರ್‌ನಿಂದ ನೇರ ಮೆಟ್ರೋ ಇದೆ, ದೊಡ್ಡ ಮೊತ್ತವೇನಲ್ಲ. ಸ್ಯಾಂಪಲ್ ಬರೆಸಿದರೆ ಅದಕ್ಕೂ ದುಡ್ಡು. ಲೇಖನ ಒಪ್ಪಿದ ದಿನವೇ ಯುಪಿಐ.

ಹಕ್ಕಿನ ಮಾತು ಮಾತ್ರ ಎಷ್ಟೋ ಜನಕ್ಕೆ ಗೊತ್ತಿಲ್ಲ. ದುಡ್ಡು ಕೊಟ್ಟ ಮಾತ್ರಕ್ಕೆ ಫ್ರೀಲಾನ್ಸ್ ಲೇಖನ ನಮ್ಮದಾಗಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ಬರೆದುಕೊಡಬೇಕು, ಸಹಿ ಬೇಕು. ಅವಧಿ ನಮೂದಿಸದಿದ್ದರೆ ಐದೇ ವರ್ಷ. ಇಷ್ಟು ಕಡಿಮೆ ಕೊಟ್ಟು ಪೂರ್ತಿ ಹಕ್ಕು ಕೇಳೋದು ನನಗಂತೂ ಸರಿ ಕಾಣಲ್ಲ. ನಮ್ಮಲ್ಲಿ ಪ್ರಕಟಿಸಲು ಲಿಖಿತ ಅನುಮತಿ ತಗೋತೀವಿ, ಅಷ್ಟೇ. ಬರೆದವರು ನಾಳೆ ಅದನ್ನೇ ಪುಸ್ತಕಕ್ಕೂ ಸೇರಿಸ್ಕೊಳ್ಳಲಿ.