ನೀವು ಇಂಟರೆಸ್ಟಿಂಗೋ, ಇಂಟರೆಸ್ಟೆಡ್ಡೋ?



ಸಂದರ್ಶನದಲ್ಲಿ 'ಐ ಆ್ಯಮ್ ವೆರಿ ಇಂಟರೆಸ್ಟಿಂಗ್ ಇನ್ ಕಾಮರ್ಸ್' ಎಂದರೆ ಎದುರಿಗೆ ಕುಳಿತವರು ಸಣ್ಣಗೆ ನಗುತ್ತಾರೆ. ನೀವು ಹೇಳಬೇಕೆಂದಿದ್ದು 'ನನಗೆ ಕಾಮರ್ಸ್‌ನಲ್ಲಿ ಆಸಕ್ತಿ ಇದೆ' ಎಂದು. ಅವರಿಗೆ ಕೇಳಿಸಿದ್ದು 'ನಾನು ಬಹಳ ಸ್ವಾರಸ್ಯಕರ ವ್ಯಕ್ತಿ' ಎಂದು. ಇಂಥ ಒಂದು ನಗುವಿಗೆ ಹೆದರಿ ಮತ್ತೆ ಇಂಗ್ಲಿಷ್ ಮಾತನಾಡದವರು ನಮ್ಮಲ್ಲೇ ಇದ್ದಾರೆ. ಆದರೆ ಇದು ದಡ್ಡತನವಲ್ಲ. ಕನ್ನಡದ ರೂಢಿಯನ್ನೇ ಇಂಗ್ಲಿಷಿಗೂ ಹಚ್ಚುವುದರಿಂದ ಹೀಗಾಗುತ್ತದೆ.

ಹೈಸ್ಕೂಲಿನಲ್ಲಿ ಓದಿದ ಕೃದಂತಗಳನ್ನು ನೆನಪಿಸಿಕೊಳ್ಳಿ. 'ಕೆತ್ತು' ಧಾತುವಿನಿಂದ 'ಕೆತ್ತಿದ' ಆಗುತ್ತದೆ. ನಮ್ಮ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ನೋಡಿ 'ಕೆತ್ತಿದ ಕಲ್ಲು' ಎನ್ನುತ್ತೇವೆ, 'ಕೆತ್ತಿದ ಶಿಲ್ಪಿ' ಎಂದೂ ಎನ್ನುತ್ತೇವೆ. ಕೆಲಸ ಮಾಡಿದವನಿಗೂ ಕೆಲಸಕ್ಕೆ ಒಳಗಾದ ಕಲ್ಲಿಗೂ ಒಂದೇ ರೂಪ. ಇಂಗ್ಲಿಷಿನಲ್ಲಿ ಹಾಗಲ್ಲ. 'ಕಾರ್ವ್ಡ್ ಸ್ಟೋನ್' ಸರಿ. 'ಕಾರ್ವ್ಡ್ ಸ್ಕಲ್ಪ್ಟರ್' ಎಂದರೆ ಶಿಲ್ಪಿಯನ್ನೇ ಯಾರೋ ಕೆತ್ತಿದಂತಾಯಿತು!

ಮನೆಯಲ್ಲಿ ಉರ್ದು ಮಾತನಾಡುವವರಿಗೆ ಇನ್ನೂ ಸುಲಭ. 'ಉಬಲ್ತಾ ಪಾನಿ', 'ಉಬ್ಲಾ ಅಂಡಾ' ಎನ್ನುತ್ತೀರಲ್ಲ, ಅವೇ 'ಬಾಯ್ಲಿಂಗ್ ವಾಟರ್', 'ಬಾಯ್ಲ್ಡ್ ಎಗ್'. ಎರಡೂ 'ಬಾಯ್ಲ್' ಎಂಬ ಕ್ರಿಯಾಪದದ ರೂಪಗಳೇ. ಇಲ್ಲಿ ವಿಶೇಷಣಗಳಾಗಿ ಕೆಲಸ ಮಾಡುತ್ತಿವೆ.

ಮನಸ್ಸಿನ ಭಾವನೆಗಳಿಗೆ ಸೂತ್ರ ಹೀಗಿದೆ: ಭಾವನೆ ಹುಟ್ಟಿಸುವುದಕ್ಕೆ 'ಇಂಗ್' ರೂಪ, ಭಾವನೆ ಅನುಭವಿಸುವವರಿಗೆ 'ಇಡಿ' ರೂಪ. ಪಾಠ ಇಂಟರೆಸ್ಟಿಂಗ್, ನೀವು ಇಂಟರೆಸ್ಟೆಡ್. ಲೆಕ್ಕ ಕನ್‌ಫ್ಯೂಸಿಂಗ್, ನೀವು ಕನ್‌ಫ್ಯೂಸ್ಡ್. ಪ್ರಯಾಣ ಟೈರಿಂಗ್, ನೀವು ಟೈರ್ಡ್. ಕನ್ನಡದಲ್ಲಿ 'ನನಗೆ' ಎಂದು ಶುರುವಾಗುವ ಭಾವನೆಯನ್ನು ಇಂಗ್ಲಿಷಿನಲ್ಲಿ 'ಐ ಆ್ಯಮ್' ಎಂದು ಶುರುಮಾಡಿದರೆ ಮುಂದೆ ಸಾಮಾನ್ಯವಾಗಿ 'ಇಡಿ' ರೂಪವೇ ಬರುತ್ತದೆ. ಬ್ರೋಕನ್, ರಿಟನ್, ಸ್ಟೋಲನ್ ಮುಂತಾದವುಗಳ ಕೊನೆಗೆ 'ಇಡಿ' ಇಲ್ಲದಿದ್ದರೂ ಅವು ಅದೇ ಗುಂಪಿನವು.

ಇನ್ನು ಒಂದೇ ರೂಪ ಯಾವಾಗ ಕ್ರಿಯೆ, ಯಾವಾಗ ವಿಶೇಷಣ? 'ದ ಶಾಪ್ ವಾಸ್ ಕ್ಲೋಸ್ಡ್ ಆ್ಯಟ್ ನೈನ್' ಎಂಬ ವಾಕ್ಯಕ್ಕೆ ಎರಡು ಅರ್ಥಗಳಿವೆ. ಒಂಬತ್ತಕ್ಕೆ ಅಂಗಡಿ ಮುಚ್ಚಿದರು ಎಂದರೆ ಕ್ರಿಯೆ. ಒಂಬತ್ತಕ್ಕೆ ಹೋದಾಗ ಅಂಗಡಿ ಮುಚ್ಚಿತ್ತು ಎಂದರೆ ವಿಶೇಷಣ. 'ಬೈ ದ ಓನರ್' ಎಂದು ಸೇರಿಸಿದರೆ ಅನುಮಾನ ಉಳಿಯುವುದಿಲ್ಲ, ಅದು ಕ್ರಿಯೆಯೇ. 'ಓಪನ್' ಪದಕ್ಕೆ ಈ ತೊಂದರೆ ಇಲ್ಲ. ಅದು ತಾನೇ ವಿಶೇಷಣ. ಆದ್ದರಿಂದ ತೆರೆದಿರುವ ಅಂಗಡಿಯ ಬಾಗಿಲಿಗೆ 'ಓಪನ್' ಎಂದೂ ಮುಚ್ಚಿದ್ದಕ್ಕೆ 'ಕ್ಲೋಸ್ಡ್' ಎಂದೂ ಫಲಕ ಹಾಕುತ್ತಾರೆ.

ಇನ್ನೊಂದು ಪರೀಕ್ಷೆ: ಹಿಂದೆ 'ವೆರಿ' ಹಚ್ಚಿ ನೋಡಿ. 'ವೆರಿ ಟೈರ್ಡ್' ಒಪ್ಪುತ್ತದೆ, ಆದ್ದರಿಂದ ಅದು ವಿಶೇಷಣ. ಆದರೆ 'ವೆರಿ' ಒಪ್ಪದಿದ್ದ ಮಾತ್ರಕ್ಕೆ ವಿಶೇಷಣವಲ್ಲ ಎನ್ನಬೇಡಿ. 'ಬಾಯ್ಲ್ಡ್ ಎಗ್'ಗೆ ಅದು ಒಪ್ಪುವುದಿಲ್ಲ.

ಈಗ ನೀವೇ ಬಿಟ್ಟ ಸ್ಥಳ ತುಂಬಿ. 'ಡಿಸಪಾಯಿಂಟ್' ಪದದ ಸರಿಯಾದ ರೂಪ ಬಳಸಿ:
1. ದ ರಿಸಲ್ಟ್ ವಾಸ್ ......
2. ಮೈ ಫಾದರ್ ವಾಸ್ ......

ಉತ್ತರ: ಮೊದಲನೆಯದಕ್ಕೆ ಡಿಸಪಾಯಿಂಟಿಂಗ್, ಎರಡನೆಯದಕ್ಕೆ ಡಿಸಪಾಯಿಂಟೆಡ್. ಎರಡನ್ನೂ ಅದಲುಬದಲು ಮಾಡಿದರೆ ನಿರಾಸೆಯಾದದ್ದು ಫಲಿತಾಂಶಕ್ಕೆ, ನಿರಾಸೆ ಮಾಡಿದವರು ಅಪ್ಪ!