ನೋಡದ ಕೋಟೆಯ ಕಲ್ಲು

ಕರಿಘಟ್ಟದ ಶ್ರೀನಿವಾಸ ದೇವಾಲಯದ ಮುಂದೆ ನಿಂತು ಪಡುವಣಕ್ಕೆ ನೋಡಿದರೆ ಶ್ರೀರಂಗಪಟ್ಟಣವು ಕಣ್ಣಿಗೆ ಬೀಳುವುದು. ಸಂಜೆಯ ಬಿಸಿಲು ಎದುರಾದಾಗ ಗೋಪುರ, ಮಿನಾರುಗಳ ಅಂಚು ಮಾತ್ರ ಉಳಿದು ಕಲ್ಲಿನ ಒರಟುತನ ಮಾಯವಾಗುವುದು. ಆದರೆ ಬೆಟ್ಟವಿಳಿದು, ಕತ್ತಲಾದ ಮೇಲೆ ಕೋಟೆಯ ಗೋಡೆಗೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿರಿ. ಒಂದೊಂದು ಉಬ್ಬೂ ಉದ್ದನೆಯ ನೆರಳು ಚೆಲ್ಲಿ ಎದ್ದು ತೋರುವುದು. ಒರಟುತನವೆಂದು ಕಣ್ಣು ಗುರುತಿಸುವುದು ಬಹುಮಟ್ಟಿಗೆ ಈ ಸಣ್ಣ ನೆರಳುಗಳನ್ನೇ.

ಈ ಗುಟ್ಟನ್ನು ಚೆನ್ನಾಗಿ ಬಲ್ಲವನು ಸ್ಕಾಟ್ಲೆಂಡಿನ ಚಿತ್ರಕಾರ ಸರ್ ಡೇವಿಡ್ ವಿಲ್ಕಿ. 1799ರ ಮೇ 4ರ ರಾತ್ರಿ ಜನರಲ್ ಬೇರ್ಡನು ಟಿಪ್ಪುವಿನ ದೇಹವನ್ನು ದೀಪದ ಬೆಳಕಿನಲ್ಲಿ ಕಂಡ ಸನ್ನಿವೇಶವನ್ನು, ಬೇರ್ಡನು ತೀರಿಕೊಂಡ ಮೇಲೆ ಅವನ ಪತ್ನಿಯ ಕೋರಿಕೆಯಂತೆ ಬರೆದು, 1839ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಿದನು. ಹನ್ನೊಂದಡಿಗೂ ಮಿಕ್ಕ ಎತ್ತರದ ಆ ತೈಲಚಿತ್ರವು ಈಗ ಸ್ಕಾಟ್ಲೆಂಡಿನ ರಾಷ್ಟ್ರೀಯ ಕಲಾಸಂಗ್ರಹಕ್ಕೆ ಸೇರಿದೆ. ವಿಲ್ಕಿ ಭಾರತಕ್ಕೆ ಬಂದವನೇ ಅಲ್ಲ. ಕಾನ್‌ಸ್ಟಾಂಟಿನೋಪಲ್, ಜೆರೂಸಲೇಮ್‌ಗಳನ್ನು ನೋಡಲು ಅವನು ಹೊರಟದ್ದೂ 1840ರಲ್ಲಿ. ಹಿಂದಿರುಗುವಾಗ 1841ರಲ್ಲಿ ಹಡಗಿನಲ್ಲೇ ತೀರಿಕೊಂಡನು.

ಹಾಗಾದರೆ ಕಾಣದ ಕಲ್ಲನ್ನು ತೈಲವರ್ಣದಲ್ಲಿ ನಿಜವೆನಿಸುವಂತೆ ತೋರಿಸುವುದು ಹೇಗೆ? ಅಗಸೆ ಎಣ್ಣೆಯ ವಕ್ರೀಭವನಾಂಕ ಸುಮಾರು 1.5, ಸೀಸದ ಬಿಳುಪಿನದು ಸುಮಾರು 2. ಈ ಅಂತರದಿಂದಾಗಿ ಬಿಳಿಯ ಕಣಗಳು ಬೆಳಕನ್ನು ಬಲವಾಗಿ ಚದರಿಸುವುವು. ದಪ್ಪವಾಗಿ ಮೆತ್ತಿದ ಬಣ್ಣವಾದರೋ ತಾನೇ ಉಬ್ಬಿ ನಿಂತು ನೆರಳನ್ನೂ ಕೊಡುವುದು. ನೆರಳಿನ ಕಡೆಗೆ ಆ ಕಾಲದವರು ಬಿಟುಮೆನ್ ಎಂಬ ಕಂದು ಡಾಂಬರನ್ನು ತೆಳುವಾಗಿ ಹಚ್ಚುತ್ತಿದ್ದರು. ಅದು ಎಣ್ಣೆಯಲ್ಲಿ ಕರಗುವುದರಿಂದ ಬೆಳಕನ್ನು ಚದರಿಸದೆ ಒಳಕ್ಕೆಳೆದು ಹೀರುವುದು. ಕತ್ತಲಿಗೆ ಆಳ ಬರುವುದು. ಆದರೆ ಎಣ್ಣೆಯು ಆಮ್ಲಜನಕವನ್ನು ಹೀರಿ ಗಟ್ಟಿಯಾದರೂ ಡಾಂಬರು ಎಂದಿಗೂ ಪೂರ್ತಿ ಒಣಗದು. ಮೇಲಿನ ಪದರ ಬಿಗಿದು, ಬೇಸಗೆಯ ಕೆರೆಯಂಗಳದಂತೆ ಬಿರಿಯುವುದು. ವಿಲ್ಕಿಯ ಕಡೆಗಾಲದ ಹಲವು ಚಿತ್ರಗಳು ಹೀಗೆ ಕೆಟ್ಟಿವೆ.

ವಾಸ್ತುವಿನ ಮಾತು ಬೇರೆ. ಚಿತ್ರದಲ್ಲಿ ಬೇರ್ಡನ ಕಾಲಡಿ ಒಂದು ಕಂಬಿಯ ಜಾಲರಿ ಇದೆ. 1780ರಿಂದ 1784ರವರೆಗೆ ಅವನು ಇಲ್ಲಿ ಸೆರೆಯಾಳಾಗಿದ್ದ ನೆಲಮಾಳಿಗೆಯ ಗುರುತು ಅದು. ದೇಹ ದೊರೆತ ಬಾಗಿಲನ್ನೂ ಸೆರೆಮನೆಯನ್ನೂ ಕಥೆಗಾಗಿ ಒಂದೇ ಕಟ್ಟಡವಾಗಿ ಬೆಸೆಯಲಾಗಿದೆ. ಕಲ್ಲಿನ ಹೊಳಪನ್ನು ನಂಬಿದ ಕಣ್ಣು ಈ ಕಟ್ಟಡವನ್ನೂ ನಂಬಿಬಿಡುವುದು. ನಮ್ಮ ನೆಲದ ಒಂದು ದಾರುಣ ರಾತ್ರಿಯನ್ನು ಹೊರನಾಡಿನವರು ಬಹುಕಾಲ ಕಂಡದ್ದು ಇಂತಹ ಬಾಗಿಲಿನ ಮೂಲಕವೇ ಎಂಬುದು ನಮಗೆ ಸ್ವಲ್ಪ ಕಸಿವಿಸಿಯ ಸಂಗತಿ.

ಒಮ್ಮೆ ಚಿತ್ರದ ಅಚ್ಚುಪ್ರತಿಯನ್ನು ಹಿಡಿದು ವಿದ್ಯಾರ್ಥಿಗಳೊಡನೆ ಆ ಸ್ಥಳಕ್ಕೆ ಹೋಗಿದ್ದೆವು. ಹುಡುಗರು ಜಾಲರಿಗಾಗಿ ಹುಡುಕಿದ್ದೇ ಹುಡುಕಿದ್ದು. ಅಲ್ಲಿದ್ದುದು ಗುರುತಿನ ಕಲ್ಲು ಮಾತ್ರ. ನೆಲಮಾಳಿಗೆಯ ಸೆರೆಮನೆಯೆಂದು ತೋರಿಸುವ ಕಟ್ಟಡಕ್ಕೆ ಅಲ್ಲಿಂದೆದ್ದು ಬಿಸಿಲಿನಲ್ಲಿ ನಡೆದೇ ಹೋಗಬೇಕಾಯಿತು.